ಕ್ಯಾನುಲಾ, ಪಿಕ್ ಲೈನ್, ಪೋರ್ಟ್: ಮೂರನ್ನೂ ಹಾಕಿಸಿಕೊಂಡು ನೋಡಿದ ಮೇಲೆ

ಈ ಮೂರೂ ನರಕ್ಕೆ ಔಷಧಿ ಕೊಡುವ ದಾರಿಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೋರ್ಟಿಗೆ. ಡ್ರಿಪ್‌ನಲ್ಲಿ ಔಷಧಿ ಶುರುವಾದಾಗ, ಎದೆ ಹತ್ತಿರ ಕುಯ್ಯಿಸಿಕೊಳ್ಳುವುದಾ, ಬೇಡಪ್ಪಾ ಅಂತ ಹೆದರಿ ಬೇರೆ ಎರಡು ದಾರಿ ಹಿಡಿದೆ. ಎರಡರಲ್ಲೂ ಸುಸ್ತಾಗಿ ಇದಕ್ಕೇ ಬಂದೆ.

ಕ್ಯಾನುಲಾ ಅಂದರೆ ಪ್ರತಿ ಸಲ ಕೈ ನರಕ್ಕೆ ಚುಚ್ಚಿ ಕೂರಿಸುವ ಪುಟ್ಟ ಕೊಳವೆ, ಔಷಧಿ ಮುಗಿದ ಮೇಲೆ ತೆಗೆಯುತ್ತಾರೆ. ಮನೆಗೆ ಬಂದರೆ ಮೈಮೇಲೆ ಏನೂ ಇಲ್ಲ, ಹಾಯಾಗಿತ್ತು. ನಾಲ್ಕನೇ ಸಲ ಸಿಸ್ಟರ್ ಮುಂಗೈ ತಟ್ಟಿ ತಟ್ಟಿ, "ನರ ಸಿಗ್ತಿಲ್ವಲ್ಲ" ಅಂದರು. ಬೆಳಿಗ್ಗೆಯಿಂದ ನೀರು ಕುಡಿದಿದ್ದೆ, ಬಿಸಿನೀರಿನ ಚೀಲ ಹಿಡಿದು ಕೂತಿದ್ದೆ. ಆದರೂ ಐದು ತೂತು. ಒಂದು ನರ ಹುರಿಹಗ್ಗದ ಹಾಗೆ ಗಟ್ಟಿಯಾಗಿ ಎರಡು ವಾರ ಮುಟ್ಟಲು ಆಗಲಿಲ್ಲ. ಎರಡು ಮೂರು ಸಲದ ಔಷಧಿಗಾದರೆ ಇದೇ ಸಾಕು.

ಆಮೇಲೆ ಪಿಕ್ ಲೈನ್. ಮೇಲ್ತೋಳಿನ ನರದಲ್ಲಿ ಹೊಕ್ಕ ಸಣ್ಣ ಕೊಳವೆ ಹೃದಯದ ಹತ್ತಿರದ ದೊಡ್ಡ ನರದವರೆಗೆ ಹೋಗುತ್ತದೆ. ಹಾಕುವುದು ಸುಲಭ, ತೆಗೆಯುವುದು ಇನ್ನೂ ಸುಲಭ. ಕೈ ಚುಚ್ಚುವ ಕಾಟ ತಪ್ಪಿತು. ಆದರೆ ಕೊಳವೆಯ ಬಾಲ ಹೊರಗೇ ಇರುತ್ತದೆ. ಅದಕ್ಕೆ ನೀರು ತಾಗಬಾರದು.

ಈ ನೀರಿನ ಕಥೆ ಹೇಳಲೇಬೇಕು. ಮೊದಲ ದಿನ ತೋಳಿಗೆ ಪ್ಲಾಸ್ಟಿಕ್ ಸುತ್ತಿ, ಟೇಪಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು ಅಂಟಿಸಿದೆ. ಕೈ ಮೇಲೆತ್ತಿ ಶವರ್ ಕೆಳಗೆ ನಿಂತೆ. ಎತ್ತಿದ ಕೈಯಿಂದ ಇಳಿದ ನೀರು ನೇರ ಪ್ಲಾಸ್ಟಿಕ್ ಒಳಗೇ ಹೋಯಿತು! ಡ್ರೆಸ್ಸಿಂಗಿನ ಒಂದು ಮೂಲೆ ಬೆಳ್ಳಗೆ ಎದ್ದು ಬಂತು. ಒದ್ದೆ ಡ್ರೆಸ್ಸಿಂಗ್ ಇಟ್ಟುಕೊಂಡರೆ ಸೋಂಕಿನ ಭಯ, ಅವತ್ತೇ ಬದಲಿಸಬೇಕು. ಒಂದು ಸ್ನಾನಕ್ಕೆ ಅರ್ಧ ದಿನ ಆಸ್ಪತ್ರೆಯಲ್ಲಿ ಕಳೆಯಿತು.

ಆಮೇಲೆ ತೋಳಿಗೆ ಹಾಕುವ ರಬ್ಬರ್ ಚೀಲ ತಂದೆ. ನೀರೇನೋ ನಿಂತಿತು, ಒಳಗೆ ಬೆವರಿ ಅಂಚು ಮತ್ತೆ ಬಿಟ್ಟುಕೊಂಡಿತು. ಕೊನೆಗೆ ಮೈ ಒರೆಸಿಕೊಳ್ಳುವುದು, ಚಿಕ್ಕ ಮಗುವಿನ ಹಾಗೆ ತಲೆ ಬಗ್ಗಿಸಿ ಬೇರೆಯವರ ಕೈಲಿ ತೊಳೆಸಿಕೊಳ್ಳುವುದು. ದಿನಾ ತಲೆಗೆ ನೀರು ಬೀಳದಿದ್ದರೆ ನನಗೆ ಬೆಳಗೇ ಆಗುವುದಿಲ್ಲ. ಔಷಧಿಯ ಸುಸ್ತಿಗಿಂತ ಇದೇ ಜಾಸ್ತಿ ಕಾಡಿತು.

ಇದರ ಮೇಲೆ ವಾರಕ್ಕೊಮ್ಮೆ ಡ್ರೆಸ್ಸಿಂಗ್, ಫ್ಲಶ್ (ಕೊಳವೆ ಕಟ್ಟಿಕೊಳ್ಳದ ಹಾಗೆ ಸಲೈನ್ ಹಾಯಿಸುವುದು). ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿಪಿ ನೋಡಿಸುವಂತಿಲ್ಲ.

ಪೋರ್ಟ್ ಅಂದರೆ ಕಾಲರ್ ಮೂಳೆಯ ಕೆಳಗೆ, ಚರ್ಮದ ಒಳಗೆ ಕೂರಿಸುವ ಪುಟ್ಟ ಡಬ್ಬಿ. ಅದರಿಂದ ಒಂದು ಕೊಳವೆ ಒಳಗೊಳಗೇ ದೊಡ್ಡ ನರಕ್ಕೆ ಹೋಗುತ್ತದೆ, ಔಷಧಿ ಕೊಡುವಾಗ ಮಾತ್ರ ಚರ್ಮದ ಮೇಲಿಂದ ಡಬ್ಬಿಗೆ ಸೂಜಿ ಚುಚ್ಚುತ್ತಾರೆ. ಹಾಕಿಸಿದ ವಾರ ಆ ಮಗ್ಗುಲಿಗೆ ಮಲಗಲು ಆಗಲಿಲ್ಲ, ನಿಜ. ಗಾಯ ಮಾಗಿದ ಮೇಲೆ, ಸೂಜಿ ಇಲ್ಲದ ದಿನಗಳಲ್ಲಿ ಸ್ನಾನಕ್ಕೆ ಯಾವ ಅಡ್ಡಿಯೂ ಇಲ್ಲ. ಬಳಸದೆ ಇದ್ದಾಗ ತಿಂಗಳಿಗೊಮ್ಮೆ ಫ್ಲಶ್ ಮಾಡಿಸಿದರೆ ಆಯಿತು. ಚುಚ್ಚಲು ಪೋರ್ಟಿಗೆಂದೇ ಇರುವ ಹ್ಯೂಬರ್ ಸೂಜಿಯೇ ಬೇಕು, ಮಾಮೂಲಿ ಸೂಜಿ ಒಳಗಿನ ಸಿಲಿಕೋನ್ ಪದರವನ್ನು ಹಾಳು ಮಾಡುತ್ತದೆ. ಒಂದು ಗಂಟೆ ಮುಂಚೆ ಮರಗಟ್ಟಿಸುವ ಕ್ರೀಮ್ ಹಚ್ಚಿಕೊಂಡರೆ ನೋವು ಕಡಿಮೆ. ಒಮ್ಮೆ ಮರೆತಿದ್ದೆ, ಮತ್ತೆ ಮರೆತಿಲ್ಲ. ಕಾರಿನ ಸೀಟ್ ಬೆಲ್ಟ್ ಉಜ್ಜುತ್ತದೆ, ಮಧ್ಯೆ ಮಡಿಸಿದ ಟವೆಲ್ ಇಡುತ್ತೇನೆ. ಪಿಕ್ ಆಗಲಿ ಪೋರ್ಟ್ ಆಗಲಿ, ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಪೋರ್ಟಿಗೆ ಮೊದಲು ಒಟ್ಟಿಗೆ ದುಡ್ಡು ಬಿಚ್ಚಬೇಕು, ತೆಗೆಸಲು ಇನ್ನೊಂದು ಸಣ್ಣ ಆಪರೇಷನ್ ಬೇರೆ. ಆದರೆ ಪಿಕ್‌ಗೆ ವಾರವಾರ ಓಡಾಟ, ರಜೆ, ಡ್ರೆಸ್ಸಿಂಗ್ ಖರ್ಚು ಕೂಡಿಸಿದಾಗ ನನ್ನ ಲೆಕ್ಕದಲ್ಲಿ ಅಂತಹ ವ್ಯತ್ಯಾಸ ಉಳಿಯಲಿಲ್ಲ. ನಾಲ್ಕೈದು ವಾರದ ಚಿಕಿತ್ಸೆಯಾಗಿದ್ದರೆ ನಾನೂ ಪಿಕ್ ಹಾಕಿಸಿಕೊಂಡು ಹಲ್ಲು ಕಚ್ಚಿ ದಿನ ದೂಡುತ್ತಿದ್ದೆನೇನೋ. ರಬ್ಬರ್ ಚೀಲವಂತೂ ಇನ್ನೂ ಬಚ್ಚಲ ಮೊಳೆಗೆ ನೇತಾಡುತ್ತಿದೆ. ಬೇಕಾದವರು ಒಯ್ಯಬಹುದು.