ಬದಿಗೆ ವಾಲುವ ವ್ಯಾಗನ್ನೋ, ತಳ ತೆರೆಯುವ ವ್ಯಾಗನ್ನೋ? ಎರಡನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬದಿಗೆ ವಾಲಿ ಸುರಿಯುವ ವ್ಯಾಗನ್ನಿಗೆ. ಸೈಡ್ ಡಂಪ್ ಅಂತಾರಲ್ಲ, ಅದಕ್ಕೆ. ನಮ್ಮದು ಕಲ್ಲು ಕ್ವಾರಿಯ ಸ್ವಂತ ಸೈಡಿಂಗ್, ಅಂದರೆ ಕ್ವಾರಿಯ ಕೆಲಸಕ್ಕೇ ಇರುವ ರೈಲು ಹಳಿ. ಎಂಜಿನ್ ಒಂದೇ, ಜನ ಕಮ್ಮಿ. ಹೊರುವ ಸರಕು ಮಾತ್ರ ನಾನಾ ಬಗೆ. ಒಮ್ಮೆ ತೊಳೆದ ಜಲ್ಲಿ, ಇನ್ನೊಮ್ಮೆ ಮಂಡಿಯೆತ್ತರದ ಬಂಡೆ, ಮಳೆ ಶುರುವಾದರೆ ಮೇಲ್ಪದರದ ಅಂಟುಮಣ್ಣು. ಮೊದಲು ತಳದಲ್ಲಿ ಬಾಗಿಲಿರುವ ಹಾಪರ್ ವ್ಯಾಗನ್‌ಗಳನ್ನು ಬಾಡಿಗೆಗೆ ತಂದು ಓಡಿಸಿದೆವು, ಆಮೇಲೆ ಸೆಕೆಂಡ್ ಹ್ಯಾಂಡ್ ಸೈಡ್ ಡಂಪ್ ಕೊಂಡೆವು. ಕೊಂಡಿದ್ದು ಒಳ್ಳೇದೇ ಆಯಿತು. ಇದೇ ಲೆಕ್ಕಾಚಾರದಲ್ಲಿ ಕೂತಿರುವ ಬೇರೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಎಷ್ಟು ಟನ್, ಎಷ್ಟು ಉದ್ದ, ಯಾವ ಬೋಗಿ (ವ್ಯಾಗನ್ ಕೆಳಗಿನ ಚಕ್ರಗಳ ಚೌಕಟ್ಟು) ಅನ್ನೋದೆಲ್ಲ ತಯಾರಕರ ಕಾಗದದಲ್ಲೇ ಇರುತ್ತದೆ, ಅದನ್ನು ಬಿಡೋಣ.

ಹಾಪರ್ ಮೋಸದ ವಸ್ತು ಅಲ್ಲ. ಅದರ ಯೋಚನೆ ಸರಳ. ಎರಡೂ ತುದಿಯ ಗೋಡೆಗಳನ್ನು ಇಳಿಜಾರು ಮಾಡಿ, ಕೆಳಗೆ ಬಾಗಿಲಿಟ್ಟು, ಬಾಗಿಲು ತೆಗೆದರೆ ಸರಕು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಒಣಗಿದ ಜಲ್ಲಿಯನ್ನು ರಾಶಿ ಹಾಕಿದರೆ ಅದು ಸುಮಾರು 35ರಿಂದ 40 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. ಹಾಪರ್ ಗೋಡೆ ಅದಕ್ಕಿಂತ ಕಡಿದಾಗಿದ್ದರೆ ಒಣ ಸರಕು ಜಾರಲೇಬೇಕು. ಜಾರುತ್ತದೆ ಕೂಡ. ತೊಳೆದು ಒಣಗಿದ ಜಲ್ಲಿ ಹಾಕಿದ ದಿನ ನಮ್ಮ ಹುಡುಗರು ಹಾಪರ್‌ನ ಪಕ್ಕ ನಿಂತು ಖುಷಿಯಿಂದ ನೋಡುತ್ತಿದ್ದರು. ವಾಲ್ವ್ ತಿರುಗಿಸಿದರೆ ಸಾಕು, ಇಡೀ ವ್ಯಾಗನ್ ಕಣ್ಣೆದುರೇ ಖಾಲಿ.

ತೊಂದರೆ ಬಾಗಿಲು ಮುಚ್ಚುವಾಗ ಶುರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯಾವ ಮಾರಾಟದವರೂ ಇದನ್ನು ತೋರಿಸುವುದಿಲ್ಲ.

ನಾವು ತಂದ ವ್ಯಾಗನ್‌ನಲ್ಲಿ ಒಂದೇ ಗಾಳಿ ಸಿಲಿಂಡರ್ ಇತ್ತು. ಅದು ವ್ಯಾಗನ್ ಉದ್ದಕ್ಕೂ ಹಾದುಹೋಗುವ ಒಂದು ರಾಡನ್ನು ತಳ್ಳುತ್ತದೆ, ಆ ರಾಡಿನಿಂದ ಪ್ರತಿ ಬಾಗಿಲಿಗೂ ಒಂದೊಂದು ಲಿಂಕ್, ಅಂದರೆ ನಡುವೆ ಪಿನ್ ಹಾಕಿ ಮಡಚುವಂತೆ ಜೋಡಿಸಿದ ಎರಡು ತುಂಡಿನ ಸರಳು. ಬಾಗಿಲು ಪೂರ್ತಿ ಮುಚ್ಚುವ ಹೊತ್ತಿಗೆ ಲಿಂಕಿನ ನಡುವಿನ ಪಿನ್, ಎರಡು ತುದಿಯ ಪಿನ್‌ಗಳ ನೇರಕ್ಕೆ ಬಂದು, ಅಲ್ಲಿಂದ ಒಂಚೂರು ಆಚೆ ದಾಟಿ ಸ್ಟಾಪರ್‌ಗೆ ಒರಗಿ ಕೂರುತ್ತದೆ. ಆ ಒಂಚೂರು ದಾಟಿದ್ದೇ ಲಾಕ್. ಆಮೇಲೆ ಮೇಲಿನಿಂದ ಎಷ್ಟು ಭಾರ ಒತ್ತಿದರೂ ಲಿಂಕ್ ಇನ್ನೂ ಗಟ್ಟಿಯಾಗಿ ಸ್ಟಾಪರ್‌ಗೆ ಒರಗುತ್ತದೆಯೇ ಹೊರತು ಬಾಗಿಲು ತೆರೆಯುವುದಿಲ್ಲ. ಪೈಪಿನಲ್ಲಿ ಗಾಳಿ ಪೂರ್ತಿ ಹೋದರೂ ಪರವಾಗಿಲ್ಲ. ಬಹಳ ಚೆಂದದ ಯೋಚನೆ ಇದು.

ಆದರೆ ಬಾಗಿಲಿನ ಅಂಚಿನಲ್ಲಿ ಹೆಬ್ಬೆರಳು ಗಾತ್ರದ ಒಂದು ಜಲ್ಲಿ ಸಿಕ್ಕಿಕೊಂಡರೆ? ಬಾಗಿಲು ಮುಚ್ಚಿದ ಹಾಗೇ ಕಾಣುತ್ತದೆ. ಲಿಂಕ್ ಮಾತ್ರ ನೇರಕ್ಕೆ ಬರುವ ಮೊದಲೇ ನಿಂತಿರುತ್ತದೆ. ಈಗ ಬಾಗಿಲನ್ನು ಹಿಡಿದಿರುವುದು ಸಿಲಿಂಡರ್ ಒಳಗಿನ ಗಾಳಿ ಮಾತ್ರ. ಗಾಳಿ ನಿಧಾನಕ್ಕೆ ಸೋರುತ್ತದೆ, ಮೇಲಿನ ಭಾರ ಬಾಗಿಲನ್ನು ಕೆಳಗೆ ಒತ್ತುತ್ತದೆ, ಲಿಂಕ್ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಅದೂ ಅಲ್ಲದೆ ರಾಡ್ ಒಂದೇ ಆಗಿರೋದರಿಂದ ಒಂದು ಬಾಗಿಲಿಗೆ ಕಲ್ಲು ಸಿಕ್ಕರೆ ಚೆನ್ನಾಗಿ ಮುಚ್ಚಿದ ಉಳಿದ ಬಾಗಿಲುಗಳೂ ಲಾಕ್ ಆಗಿರುವುದಿಲ್ಲ.

ಇದನ್ನು ನೋಡಬೇಕೆಂದರೆ ವ್ಯಾಗನ್ ಕೆಳಗೆ ನುಸುಳಬೇಕು. ನಾವು ಲಿಂಕಿಗೂ ಸ್ಟಾಪರ್‌ಗೂ ಬಿಳಿ ಬಣ್ಣದ ಗೆರೆ ಹಾಕಿಟ್ಟಿದ್ದೆವು. ಎರಡೂ ಗೆರೆ ಸೇರಿದರೆ ಲಾಕ್ ಬಿದ್ದಿದೆ, ಇಲ್ಲವಾದರೆ ಬಾಗಿಲನ್ನು ಇನ್ನೊಮ್ಮೆ ತೆರೆದು, ಅಂಚನ್ನು ಹಾರೆಯಿಂದ ಕೆರೆದು, ಮತ್ತೆ ಮುಚ್ಚಬೇಕು. ಕಲ್ಲಿನ ಪುಡಿ ಎರಡು ಸುರಿತದಲ್ಲೇ ಆ ಗೆರೆಯನ್ನು ಮುಚ್ಚಿಬಿಡುತ್ತಿತ್ತು. ಒರೆಸಿ ನೋಡು, ಟಾರ್ಚ್ ಹಿಡಿ, ಕೆರೆ, ಮತ್ತೆ ನೋಡು. ಪ್ರತಿ ಸಲ, ಪ್ರತಿ ವ್ಯಾಗನ್‌ಗೆ. ಬಾಗಿಲು ಬಿಗಿಯಾಗಿ ಕೂರಲಿ ಅಂತ ಲಿಂಕಿನ ಉದ್ದ ಸರಿಹೊಂದಿಸುವ ನಟ್ಟನ್ನು ಒಂದು ಸುತ್ತು ಜಾಸ್ತಿ ತಿರುಗಿಸಿದರೆ ಲಿಂಕ್ ನೇರಕ್ಕೇ ಬರದೆ ನಿಲ್ಲುತ್ತದೆ. ಸಡಿಲ ಬಿಟ್ಟರೆ ಅಂಚಿನಿಂದ ಪುಡಿ ಸೋರುತ್ತದೆ. ನಡುವೆ ಇರುವ ಜಾಗ ಬಹಳ ಸಣ್ಣದು, ಪಿನ್ ಸವೆದಂತೆಲ್ಲ ಅದೂ ಜರುಗುತ್ತಾ ಹೋಗುತ್ತದೆ.

ಸೋರಿದರೆ ಏನಾಯಿತು, ಸ್ವಲ್ಪ ಪುಡಿ ತಾನೇ ಅನ್ನಬಹುದು. ಆ ಪುಡಿ ಎಲ್ಲಿ ಬೀಳುತ್ತದೆ ನೋಡಿ. ಪಾಯಿಂಟ್ಸ್ ಮೇಲೆ, ಅಂದರೆ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗದಲ್ಲಿ, ವ್ಯಾಗನ್ ಕುಲುಕುತ್ತದೆ, ಅಲ್ಲೇ ಜಾಸ್ತಿ ಉದುರುತ್ತದೆ. ಸರಿಯುವ ಹಳಿಗೂ ನಿಂತ ಹಳಿಗೂ ನಡುವೆ ನಾಲ್ಕು ಕಲ್ಲು ಸೇರಿದರೆ ಪಾಯಿಂಟ್ಸ್ ಪೂರ್ತಿ ಕೂರುವುದಿಲ್ಲ, ಪೂರ್ತಿ ಕೂರದ ಪಾಯಿಂಟ್ಸ್ ಮೇಲೆ ಚಕ್ರ ಹೋದರೆ ಹಳಿ ತಪ್ಪುತ್ತದೆ. ಇಷ್ಟಕ್ಕೇ ಒಬ್ಬ ಮನುಷ್ಯನನ್ನು ಪೊರಕೆ ಕೊಟ್ಟು ಪಾಯಿಂಟ್ಸ್ ಹತ್ತಿರ ನಿಲ್ಲಿಸಬೇಕಾಯಿತು.

ಇನ್ನು ಅಂಟುಮಣ್ಣು. ಅದನ್ನು ಹಾಪರ್‌ಗೆ ಹಾಕುವ ಯೋಚನೆಯೇ ಬೇಡ. ಒದ್ದೆ ಪುಡಿ ಬಾಗಿಲಿನ ಮೇಲೆ ಕಮಾನು ಕಟ್ಟಿಕೊಂಡು ನಿಂತುಬಿಡುತ್ತದೆ. ಬಾಗಿಲು ತೆರೆದಿದೆ, ಕೆಳಗೆ ಖಾಲಿ, ಮೇಲೆ ಇಡೀ ಸರಕು ಹಾಗೇ ತೂಗುತ್ತಿದೆ. 1960ರ ದಶಕದಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಜೆನಿಕೆ ಎನ್ನುವ ಎಂಜಿನಿಯರ್ ಇದನ್ನೇ ಲೆಕ್ಕಕ್ಕೆ ತಂದರು. ಸರಕು ಎಷ್ಟು ಅಂಟುತ್ತದೆ ಅಂತ ಅಳೆದರೆ, ಕಮಾನು ಕಟ್ಟದಿರಲು ಬಾಯಿ ಕನಿಷ್ಠ ಎಷ್ಟು ಅಗಲ ಇರಬೇಕು ಅಂತ ಹೇಳಬಹುದು. ವ್ಯಾಗನ್ನಿನಲ್ಲಿ ಆ ಅಗಲ ಬೇಕಾದಷ್ಟು ಸಿಗುವುದಿಲ್ಲ, ಯಾಕೆಂದರೆ ಕೆಳಗೆ ಚಕ್ರ, ಬೋಗಿ, ನಡುವಿನ ತೊಲೆ ಎಲ್ಲಕ್ಕೂ ಜಾಗ ಬಿಡಬೇಕು. ಸುತ್ತಿಗೆಯಿಂದ ಗೋಡೆಗೆ ಹೊಡೆದು ಇಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೋಡೆಯಲ್ಲಿ ತಗ್ಗು ಬಿದ್ದರೆ ಮುಂದಿನ ಸಲ ಮಣ್ಣು ಅದೇ ತಗ್ಗಿನಲ್ಲಿ ಹಿಡಿದುಕೊಳ್ಳುತ್ತದೆ.

ಮತ್ತೊಂದು ಖರ್ಚು ಕಣ್ಣಿಗೆ ತಕ್ಷಣ ಕಾಣುವುದಿಲ್ಲ: ಪಿಟ್. ತಳದಿಂದ ಸುರಿದ ಸರಕು ಹಳಿಯ ಮೇಲೇ ಬೀಳುತ್ತದಲ್ಲ, ಹಾಗಾಗಿ ಹಳಿಯ ಕೆಳಗೆ ಗುಂಡಿ ತೋಡಿ, ಮೇಲೆ ಹಳಿಯನ್ನು ತೊಲೆಯ ಮೇಲೆ ಕೂರಿಸಿ, ಗುಂಡಿಯಿಂದ ಸರಕು ಎತ್ತಲು ಬೆಲ್ಟ್ ಹಾಕಬೇಕು. ಮಳೆಗಾಲಕ್ಕೆ ಪಂಪ್ ಬೇರೆ. ನಮ್ಮ ಬಜೆಟ್‌ಗೆ ಅದು ವ್ಯಾಗನ್ನಿಗಿಂತ ದೊಡ್ಡ ಬಾಬ್ತು. ಜೊತೆಗೆ ಒಮ್ಮೆ ಕಟ್ಟಿದರೆ ಸುರಿಯುವ ಜಾಗ ಅಲ್ಲಿಗೇ ಖಾಯಂ. ನಮಗೋ ರಾಶಿ ಹಾಕುವ ಜಾಗ ಬದಲಾಗುತ್ತಲೇ ಇರುತ್ತದೆ.

ಸೈಡ್ ಡಂಪ್‌ಗೆ ಪಿಟ್ ಬೇಡ. ಹಳಿ ಪಕ್ಕದಲ್ಲಿ ಇಳಿಜಾರು ಇದ್ದರೆ ಸಾಕು. ವ್ಯಾಗನ್ನಿನ ತೊಟ್ಟಿ ನಡುವಿನ ತೊಲೆಯ ಮೇಲೆ ಪಿವಟ್‌ಗಳಲ್ಲಿ, ಅಂದರೆ ವಾಲಲು ಬಿಡುವ ಕೀಲುಗಳಲ್ಲಿ, ಕೂತಿರುತ್ತದೆ, ಎರಡೂ ಬದಿಗೆ ಸಿಲಿಂಡರ್‌ಗಳು. ಎಡಕ್ಕೆ ಸುರಿಯಬೇಕೆಂದರೆ ಬಲಗಡೆಯ ಸಿಲಿಂಡರ್‌ಗೆ ಗಾಳಿ ಬಿಡುವುದು, ಅಷ್ಟೇ. ತೊಟ್ಟಿ 45 ಡಿಗ್ರಿಯ ಆಸುಪಾಸಿಗೆ ಏಳುತ್ತದೆ. ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಬಾಗಿಲಿನ ಲಿಂಕ್. ಬಾಗಿಲಿಗೆ ಬೇರೆ ಸಿಲಿಂಡರ್ ಇಲ್ಲ. ಬಾಗಿಲಿನ ಕೈಗಳನ್ನು ಕೆಳಗಿನ ಚಾಸಿಗೆ ಜೋಡಿಸಿರುತ್ತಾರೆ. ತೊಟ್ಟಿ ವಾಲಿದಂತೆ ಆ ಕೈಗಳೇ ಬಾಗಿಲನ್ನು ಹೊರಕ್ಕೆ ಮಡಚಿ, ಕೊನೆಗೆ ಬಾಗಿಲು ತೊಟ್ಟಿಯ ತಳದ ನೇರಕ್ಕೆ ಬಂದು ಜಾರುಬಂಡೆಯ ಹಾಗೆ ನಿಲ್ಲುತ್ತದೆ. ಸರಕು ಅದರ ಮೇಲೆ ಜಾರಿ ಹಳಿಯಿಂದ ದೂರ ಬೀಳುತ್ತದೆ. ಬಾಗಿಲು ಮೇಲಕ್ಕೆ ಎತ್ತಿಕೊಳ್ಳುವ ಮಾದರಿಯೂ ಇದೆ. ಅದರಲ್ಲಿ ಬಾಗಿಲಿಗೆ ಬಂಡೆಯ ಏಟು ಕಮ್ಮಿ, ಆದರೆ ಸರಕು ಹಳಿಗೆ ಹತ್ತಿರ ಬೀಳುತ್ತದೆ. ನಾವು ಮಡಚುವ ಬಾಗಿಲಿನದನ್ನೇ ತೆಗೆದುಕೊಂಡೆವು.

ಬಾಗಿಲಿನ ಅಂಚಿಗೆ ಇಲ್ಲೂ ಕಲ್ಲು ಸಿಗುತ್ತದೆ. ಆದರೆ ಸಿಕ್ಕಿದ್ದು ನಿಂತಲ್ಲಿಂದಲೇ ಕಾಣುತ್ತದೆ. ಹಾರೆ ಹಾಕಿ ತೆಗೆಯಲು ಅರೆಗಳಿಗೆ ಸಾಕು. ವ್ಯಾಗನ್ ಕೆಳಗೆ ನುಸುಳದೆ, ನೆಟ್ಟಗೆ ನಿಂತು, ಬೆಳಕಿನಲ್ಲಿ ಯಂತ್ರ ನೋಡುವುದು ನನ್ನ ಅಭ್ಯಾಸ. ನನ್ನ ಓಟಿನಲ್ಲಿ ಇದಕ್ಕೂ ಒಂದು ಪಾಲಿದೆ.

ಗಾಳಿಯ ವಿಷಯ ಮಾತ್ರ ಸರಿಯಾಗಿ ತಿಳಿದುಕೊಂಡು ಕೊಳ್ಳಿ. 50 ಸೆಂಟಿಮೀಟರ್ ವ್ಯಾಸದ ಸಿಲಿಂಡರ್‌ಗೆ ಚದರ ಸೆಂಟಿಮೀಟರ್‌ಗೆ 7 ಕೆ.ಜಿ. ಒತ್ತಡ ಕೊಟ್ಟರೆ ಅದು ಸುಮಾರು 13.7 ಟನ್ ಬಲದಿಂದ ತಳ್ಳುತ್ತದೆ. ಒತ್ತಡ 5ಕ್ಕೆ ಇಳಿದರೆ 10 ಟನ್ ಕೂಡ ಸಿಗುವುದಿಲ್ಲ. ತುಂಬಿದ ತೊಟ್ಟಿ ಏಳಲು ಶುರುವಲ್ಲೇ ಹೆಚ್ಚು ಬಲ ಬೇಕು, ಹಾಗಾಗಿ ಒತ್ತಡ ಕಮ್ಮಿಯಿದ್ದರೆ ಅದು ಅಲುಗಾಡುವುದೇ ಇಲ್ಲ. ಈ ಗಾಳಿ ಬ್ರೇಕ್ ಪೈಪಿನಿಂದ ಬರಬಾರದು. ಬ್ರೇಕ್ ಪೈಪಿನ ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಅದರ ಕೆಲಸವೇ ಅದು. ಎಂಜಿನ್ನಿನ ಮುಖ್ಯ ಟ್ಯಾಂಕಿನಿಂದ ಬೇರೆಯದೇ ಪೈಪು ಬೇಕು, ಪ್ರತಿ ವ್ಯಾಗನ್ನಿಗೂ ತನ್ನದೇ ಗಾಳಿ ಟ್ಯಾಂಕ್ ಬೇಕು. ಅಷ್ಟಿದ್ದರೂ ಒಂದರ ಹಿಂದೆ ಒಂದು ಸುರಿಯುವಾಗ ಕಂಪ್ರೆಸರ್ ಟ್ಯಾಂಕ್ ತುಂಬುವವರೆಗೆ ಕಾಯಬೇಕು. ನಮಗೆ ಗಡಿಬಿಡಿ ಇಲ್ಲ, ಕಾಯುತ್ತೇವೆ.

ಸೈಡ್ ಡಂಪ್‌ನ ನಿಜವಾದ ಅಪಾಯ ಬೇರೆ ಇದೆ. ತೊಟ್ಟಿ ಪೂರ್ತಿ ವಾಲಿದೆ, ಆದರೆ ಅಂಟುಮಣ್ಣು ಜಾರದೆ ತಳಕ್ಕೆ ಹಿಡಿದುಕೊಂಡಿದೆ ಅಂತಿಟ್ಟುಕೊಳ್ಳಿ. ಆಗ ಇಡೀ ಭಾರ ಒಂದೇ ಹಳಿಯ ಮೇಲೆ, ಕೆಲವೊಮ್ಮೆ ಅದರಿಂದಲೂ ಆಚೆ. ವ್ಯಾಗನ್ನೇ ಮಗುಚಿಕೊಳ್ಳಬಹುದು. ಆದ್ದರಿಂದ ಅರ್ಧ ವಾಲುವಷ್ಟರಲ್ಲಿ ಸರಕು ಜಾರಲು ಶುರುವಾಗದಿದ್ದರೆ ಅಲ್ಲೇ ನಿಲ್ಲಿಸಿ, ಗಾಳಿಯನ್ನು ಮೆಲ್ಲಗೆ ಬಿಟ್ಟು ವಾಪಸ್ ಇಳಿಸಬೇಕು. ಇದು ನಮ್ಮಲ್ಲಿ ಕಟ್ಟುನಿಟ್ಟು. ತಿರುವಿನಲ್ಲಿ ಹೊರಗಿನ ಹಳಿ ಎತ್ತರ ಇರುತ್ತದಲ್ಲ, ಅಲ್ಲಿ ಒಳಬದಿಗೆ ಸುರಿಯುವುದೇ ಇಲ್ಲ. ಮಣ್ಣು ತುಂಬುವ ಮುಂಚೆ ತಳಕ್ಕೆ ಒಂದು ಪದರ ಒಣ ಕಲ್ಲುಪುಡಿ ಹಾಸುತ್ತೇವೆ. ಅಷ್ಟು ಮಾಡಿದರೆ ಮಣ್ಣು ಇಡಿಯಾಗಿ, ಒಂದೇ ಗಡ್ಡೆಯಾಗಿ ಜಾರಿಹೋಗುತ್ತದೆ. ಸುರಿಯುವ ಬದಿಯಲ್ಲಿ ಯಾರೂ ನಿಲ್ಲುವಂತಿಲ್ಲ, ಇದನ್ನು ಹೇಳಬೇಕಾಗಿಲ್ಲ ಅಲ್ವಾ, ಆದರೂ ಹೇಳುತ್ತೇನೆ.

ತೂಕದಲ್ಲಿ ಸೈಡ್ ಡಂಪ್ ಸೋಲುತ್ತದೆ. ಚಾಸಿ ಬೇರೆ, ತೊಟ್ಟಿ ಬೇರೆ, ಮೇಲೆ ಸಿಲಿಂಡರ್‌ಗಳು. ಖಾಲಿ ವ್ಯಾಗನ್ನೇ ಭಾರ, ಹಾಗಾಗಿ ಸರಕಿಗೆ ಉಳಿಯುವ ಪಾಲು ಕಮ್ಮಿ. ದೂರ ಹೋಗುವವರಿಗೆ ಇದು ದುಬಾರಿ.

ಮೂರನೆಯದೊಂದು ಮಾದರಿಯನ್ನೂ ನೋಡಿದೆವು. ತಳ ಕುದುರೆಯ ಜೀನಿನ ಆಕಾರದಲ್ಲಿ ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು. ಜರ್ಮನಿಯ ಕಡೆ ಇದು ಬಹಳ ಹಳೆಯ ಮಾದರಿ. ಮಗುಚುವ ಭಯವಿಲ್ಲ, ಅಲುಗುವ ಭಾಗಗಳೂ ಕಮ್ಮಿ. ಆದರೆ ನಾವು ನೋಡಿದ್ದರಲ್ಲಿ ಬಾಗಿಲು ತೆರೆದರೆ ಎಲ್ಲ ಒಟ್ಟಿಗೇ ಹೊರಗೆ, ನಡುವೆ ನಿಲ್ಲಿಸಲು ಆಗದು, ಸರಕು ಹಳಿಯ ಬುಡದಲ್ಲೇ ಬೀಳುತ್ತದೆ. ಹಳಿಯನ್ನು ಎತ್ತರಕ್ಕೆ ಕಟ್ಟಿ ಎರಡೂ ಬದಿಗೆ ಬಂಕರ್ (ಸರಕು ಬೀಳುವ ದೊಡ್ಡ ಗೂಡು) ಮಾಡಿರುವವರಿಗೆ ಸರಿ. ಇಡೀ ವ್ಯಾಗನ್ನನ್ನೇ ಹಿಡಿದು ತಿರುಗಿಸುವ ಟಿಪ್ಲರ್ ನಮ್ಮಂಥವರ ಕೈಗೆ ಎಟುಕುವ ಮಾತಲ್ಲ.

ಹಾಪರ್ ಗೆಲ್ಲುವ ಜಾಗ ಎಲ್ಲಿ ಅಂದರೆ, ಸರಕು ಒಂದೇ, ಜಾಗ ಒಂದೇ, ರೈಲು ನಿಲ್ಲಲೇಬಾರದು ಅನ್ನುವಲ್ಲಿ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಒಯ್ಯಲು ತಂದ ವ್ಯವಸ್ಥೆ ಹಾಗಿತ್ತು. ರೈಲು ಗಂಟೆಗೆ ಒಂದು ಕಿಲೋಮೀಟರ್‌ಗಿಂತಲೂ ನಿಧಾನವಾಗಿ ಪಿಟ್ ಮೇಲೆ ತೆವಳುತ್ತಿತ್ತು, ಹಳಿ ಪಕ್ಕದ ಸಲಕರಣೆಯೇ ವ್ಯಾಗನ್ನಿನ ಬಾಗಿಲು ತೆರೆದು ಮುಚ್ಚುತ್ತಿತ್ತು. ಅಮೆರಿಕದ ಮಿನೆಸೋಟದಲ್ಲಿ ಕಬ್ಬಿಣದ ಅದಿರಿನ ವ್ಯಾಗನ್‌ಗಳು ಬರೀ 24 ಅಡಿ ಉದ್ದ, ಯಾಕೆಂದರೆ ಬಂದರಿನ ಕಟ್ಟೆಯಲ್ಲಿ ಅದಿರು ಬೀಳುವ ಗೂಡುಗಳು 12 ಅಡಿಗೊಂದು ಇದ್ದವು. ಅಂದರೆ ಹಾಪರ್ ಕೊಳ್ಳುವವರು ಸುರಿಯುವ ಜಾಗವನ್ನೂ ಅದಕ್ಕೆ ತಕ್ಕ ಹಾಗೆ ಕಟ್ಟಬೇಕು. ಅಷ್ಟು ದುಡ್ಡು, ಅಷ್ಟು ಸರಕು ಇದ್ದರೆ ಖಂಡಿತ ಹಾಪರ್ ತೆಗೆದುಕೊಳ್ಳಿ.

ನಮ್ಮ ಹಾಗೆ ಸಣ್ಣ ಸೈಡಿಂಗ್, ಬದಲಾಗುವ ರಾಶಿ, ಬೆರಕೆ ಸರಕು ಇದ್ದರೆ ಹಳೆಯ ಸೈಡ್ ಡಂಪ್ ಹುಡುಕಿ. ಕೊಳ್ಳುವಾಗ ಖಾಲಿ ತೊಟ್ಟಿ ಎತ್ತಿ ತೋರಿಸಿದರೆ ಒಪ್ಪಬೇಡಿ, ತುಂಬಿಸಿ ಎತ್ತಿಸಿ. ಖಾಲಿ ಇದ್ದಾಗ ಅರ್ಧ ಎತ್ತಿ, ವಾಲ್ವ್ ಮುಚ್ಚಿ, ಒಂದು ಟೀ ಕುಡಿಯುವಷ್ಟು ಹೊತ್ತು ಸುಮ್ನೆ ಬಿಡಿ. ಅಷ್ಟರಲ್ಲಿ ತೊಟ್ಟಿ ಕೆಳಗೆ ಇಳಿದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಸೋಪಿನ ನೀರು ಹಚ್ಚಿದರೆ ಪೈಪಿನ ಜೋಡಣೆಯೋ ಸಿಲಿಂಡರ್ ಸೀಲೋ ಗೊತ್ತಾಗುತ್ತದೆ. ಆಮೇಲೆ ಪೂರ್ತಿ ಇಳಿಸಿ, ತೊಟ್ಟಿ ವಾಲದಂತೆ ಹಿಡಿಯುವ ಎರಡೂ ಬದಿಯ ಲಾಕ್ ಕೊಕ್ಕೆಗಳು ಯಾರೂ ಮುಟ್ಟದೆ ತಾವಾಗಿ ಬೀಳುತ್ತವೆಯೇ ನೋಡಿ. ಸುತ್ತಿಗೆಯಿಂದ ಒಂದು ಏಟು ಕೊಟ್ಟರೇ ಬೀಳುವುದಾದರೆ ಪಿವಟ್ ಸವೆದು ತೊಟ್ಟಿ ಪಕ್ಕಕ್ಕೆ ಸರಿದಿರುತ್ತದೆ. ಸೀಲ್ ಬದಲಾಯಿಸುವುದು ಒಂದು ದಿನದ ಕೆಲಸ. ಪಿವಟ್ ಮಾಡಿಸಬೇಕೆಂದರೆ ತೊಟ್ಟಿಯನ್ನೇ ಕ್ರೇನ್‌ನಲ್ಲಿ ಎತ್ತಿ ಪಕ್ಕಕ್ಕಿಡಬೇಕು, ಆ ಖರ್ಚನ್ನು ಬೆಲೆಯಲ್ಲೇ ಕಳೆದು ಕೇಳಿ.