ಹಳೆಯ ಮಾರುತಿ ಝೆನ್, ಇಂಜಿನ್ ಮುಟ್ಟದೆ ಆಟೋಕ್ರಾಸ್: ಕೆಲವು ಸೀಸನ್‌ಗಳ ನಂತರದ ವಿಮರ್ಶೆ

ಮೊದಲಿಗೇ ಹೇಳಿಬಿಡುತ್ತೇನೆ. ಆಟೋಕ್ರಾಸ್‌ಗೆಂದು ಹಳೆಯ ಝೆನ್ ಹುಡುಕುತ್ತಿರುವವರು ಅದಕ್ಕೆ ದೊಡ್ಡ ಇಂಜಿನ್ ಕೂರಿಸುವ ಆಸೆ ಬಿಡಿ. ಆ ದುಡ್ಡನ್ನು ಟೈರಿಗೆ, ಷಾಕ್ ಅಬ್ಸಾರ್ಬರ್‌ಗೆ, ಅಡಿಯ ಗಾರ್ಡ್‌ಗೆ ಹಾಕಿ. ನನ್ನದು 2002ರ ಎಂಪಿಎಫ್‌ಐ ಗಾಡಿ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್‌ನದು. ಸಕಲೇಶಪುರದ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಸೀಸನ್‌ನಲ್ಲಿ ಗದ್ದೆಯಲ್ಲಿ ಓಡುತ್ತದೆ, ಮಿಕ್ಕ ದಿನ ಸಂತೆಗೂ ತೋಟಕ್ಕೂ ಹೋಗಿ ಬರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು: ಆಟೋಕ್ರಾಸ್ ಎಂದರೆ ಮಣ್ಣಿನ ಮೈದಾನದಲ್ಲಿ ಕೋನ್ ಇಟ್ಟು, ಟೇಪ್ ಎಳೆದು ಮಾಡಿದ ದಾರಿಯಲ್ಲಿ ಗಡಿಯಾರದ ಎದುರು ಓಡಿಸುವುದು. ನಮ್ಮ ಹಾಸನ, ಚಿಕ್ಕಮಗಳೂರು, ಕೊಡಗಿನ ಕಡೆ ಕೊಯ್ಲು ಮುಗಿದ ಭತ್ತದ ಗದ್ದೆಯೇ ಮೈದಾನ. ಕೋನ್ ತಾಗಿದರೆ ಸೆಕೆಂಡು ಸೇರಿಸುತ್ತಾರೆ, ದಾರಿ ತಪ್ಪಿದರೆ ಆ ರನ್ನೇ ಹೋಯಿತು. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ನಡೆದು ಹೋದ ಜಾಗ ಇದು. ಕಾರಿನ ಹುಚ್ಚು ಹೊಸದಾಗಿ ಹತ್ತಿಸಬೇಕಿಲ್ಲ.

ಕಾರು ತಂದ ವಾರವೇ ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಸಾರ್, ಎಸ್ಟೀಮ್ ಇಂಜಿನ್ ಒಂದಿದೆ, ಕೂರಿಸ್ಬಿಡೋಣ್ವಾ? ಗಾಡಿ ಹಾರುತ್ತೆ" ಅಂದರು. ಹಾರುವುದೇನೋ ನಿಜ. ಮಾರುತಿಯದೇ ಎಸ್ಟೀಮ್ ಕಾರಿನ 1298 ಸಿಸಿ ಇಂಜಿನ್ ಝೆನ್‌ಗೆ ಹೊಂದಿಸುವುದು ಈ ವಲಯದಲ್ಲಿ ಹಳೆಯ ವಿದ್ಯೆ. ಆದರೆ ಆಟೋಕ್ರಾಸ್‌ನಲ್ಲಿ ಸಾಮಾನ್ಯವಾಗಿ ಸಿಸಿ ನೋಡಿ ಕ್ಲಾಸ್ ಹಂಚುತ್ತಾರೆ. ಝೆನ್‌ನ ಇಂಜಿನ್ 993 ಸಿಸಿ, ಹಾಗಾಗಿ 1100 ಸಿಸಿ ಒಳಗಿನ ಕ್ಲಾಸ್‌ನಲ್ಲಿ ಆರಾಮಾಗಿ ಕೂರುತ್ತದೆ. ಅಲ್ಲಿ ಎದುರಾಗುವುದು ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊಗಳು. 1298 ಹಾಕಿಸಿದ ಕೂಡಲೇ ನೀವು ಮೇಲಿನ ಕ್ಲಾಸಿಗೆ ಹೋಗಿ ಸ್ವಿಫ್ಟ್, ಬಲೇನೊಗಳ ನಡುವೆ ನಿಲ್ಲುತ್ತೀರಿ. ಲಕ್ಷಗಟ್ಟಲೆ ಸುರಿದವರ ಗಾಡಿಗಳು ಅವು. ಖರ್ಚು ಮಾಡಿ ಸೋಲುವುದಕ್ಕೆ ಇದಕ್ಕಿಂತ ನೇರವಾದ ದಾರಿ ಇಲ್ಲ.

ಅದೂ ಅಲ್ಲದೆ ಇರುವ ಇಂಜಿನ್ನೇ ಸಾಕು. ನಾಲ್ಕು ಸಿಲಿಂಡರ್, ಪೂರ್ತಿ ಅಲ್ಯೂಮಿನಿಯಂ, ಈ ಎಂಪಿಎಫ್‌ಐ ಮಾಡೆಲ್‌ನಲ್ಲಿ 60 ಬಿಎಚ್‌ಪಿ. ಕಾಗದದ ಮೇಲೆ ಏನೂ ಅಲ್ಲ. ಆದರೆ ಇಡೀ ಕಾರಿನ ತೂಕ ಮುಕ್ಕಾಲು ಟನ್ ಆಸುಪಾಸು. ಸ್ಟೆಪ್ನಿ, ಜ್ಯಾಕ್, ಹಿಂದಿನ ಸೀಟು ಇಳಿಸಿದರೆ ಇನ್ನೂ ಹಗುರ. ಎರಡನೇ ಗೇರ್‌ಗೆ ಹಾಕಿ ಆರ್‌ಪಿಎಂ ಮೇಲಿಟ್ಟುಕೊಂಡರೆ ಹೆಚ್ಚಿನ ಟ್ರ್ಯಾಕ್ ಅದರಲ್ಲೇ ಮುಗಿಯುತ್ತದೆ. ಹೇರ್‌ಪಿನ್ (ಪೂರ್ತಿ ಹಿಂದಕ್ಕೆ ತಿರುಗುವ ತಿರುವು) ತೀರ ಬಿಗಿಯಿದ್ದರೆ ಮಾತ್ರ ಒಂದನೇ ಗೇರ್. ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ (ವೀಲ್‌ಬೇಸ್) ಬರೀ 2335 ಎಂಎಂ ಆದ್ದರಿಂದ ಕೋನ್ ಸುತ್ತ ತಿರುಗಿಸಲು ಒದ್ದಾಡಬೇಕಿಲ್ಲ.

ಇನ್ನು ನಿಜವಾಗಿ ದುಡ್ಡು ಹಾಕಿದ ಕಡೆ. ಕಂಪನಿ ಕೊಡುವ 145/70 ಆರ್13 ಟೈರು ಗದ್ದೆ ಮಣ್ಣಿನಲ್ಲಿ ಏನನ್ನೂ ಹಿಡಿಯುವುದಿಲ್ಲ. ಮುಂದಿನ ಎರಡಕ್ಕೆ ರ್‍ಯಾಲಿ ಟೈರು ಹಾಕಿದ ದಿನವೇ ಕಾರು ಬೇರೆಯಾಯಿತು. ದುಡ್ಡು ಕಡಿಮೆಯಿದ್ದರೆ ಮುಂದಿನವನ್ನು ಮಾತ್ರ ಬದಲಿಸಿ, ಎಳೆಯುವುದೂ ತಿರುಗಿಸುವುದೂ ಅವೇ ತಾನೆ. ಹಿಂದೆ ಸಾದಾ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ. ನಾನು ಮುಂದೆ 26, ಹಿಂದೆ 32 ಪಿಎಸ್‌ಐ ಇಡುತ್ತೇನೆ. ಹಿಂಭಾಗ ಸ್ವಲ್ಪ ಜಾರಿದರೆ ಮೂತಿ ಬೇಗ ತಿರುಗುತ್ತದೆ. ಬೆಳಿಗ್ಗೆ ಇಬ್ಬನಿಗೆ ನೆಂದ ಕೂಳೆಯ ಮೇಲೆ ಒಂದು ಲೆಕ್ಕ, ಮಧ್ಯಾಹ್ನ ಮಣ್ಣು ಪುಡಿಯಾಗಿ ಜಾಡು ಬಿದ್ದ ಮೇಲೆ ಇನ್ನೊಂದು ಲೆಕ್ಕ. ಹಾಗಾಗಿ ಗಾಳಿ ಅಳೆಯುವ ಗೇಜ್ ಡಿಕ್ಕಿಯಲ್ಲೇ ಇರುತ್ತದೆ.

ಸಸ್ಪೆನ್ಶನ್‌ನಲ್ಲಿ ಎಲ್ಲರೂ ಕಾರನ್ನು ತಗ್ಗಿಸುತ್ತಾರೆ. ಟಾರ್ ಟ್ರ್ಯಾಕ್‌ಗೆ ಸರಿ. ಗದ್ದೆಯಲ್ಲಿ ಬದುವಿನ ಉಳಿಕೆ, ಟ್ರ್ಯಾಕ್ಟರ್ ಗಾಲಿಯ ಗುಂಡಿ ಎಲ್ಲ ಇರುತ್ತವೆ, ಅಲ್ಲಿ ತಗ್ಗಿಸಿದ ಕಾರು ಹೊಟ್ಟೆ ಉಜ್ಜುತ್ತದೆ. ನಾನು ಎತ್ತರ ಮುಟ್ಟಲಿಲ್ಲ, ಷಾಕ್‌ಗಳನ್ನು ಗಟ್ಟಿ ಮಾಡಿಸಿದೆ, ಲೋವರ್ ಆರ್ಮ್ ಬುಷ್ ಹೊಸದು ಹಾಕಿಸಿದೆ, ಅಷ್ಟೆ. ಹಿಂದಿನ ಡ್ರಮ್ ಬ್ರೇಕ್ ಶೂ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ ಹೊಸದು. ಹೇರ್‌ಪಿನ್‌ಗೆ ಬರುವಾಗ ಸ್ಟೀರಿಂಗ್ ತಿರುಗಿಸಿ, ಕ್ಲಚ್ ಒತ್ತಿ, ಹ್ಯಾಂಡ್‌ಬ್ರೇಕ್‌ನ ಗುಂಡಿ ಒತ್ತಿಹಿಡಿದೇ ಒಮ್ಮೆ ಎಳೆದು ಬಿಟ್ಟರೆ ಹಿಂದಿನ ಗಾಲಿ ಲಾಕ್ ಆಗಿ ಕಾರು ಕೋನ್ ಸುತ್ತ ಬಂದು ನಿಲ್ಲುತ್ತದೆ. ಆದರೆ ಕೇಬಲ್ ಬೇಗ ಜಗ್ಗುತ್ತದೆ. ಪ್ರತಿ ಇವೆಂಟ್‌ಗೂ ಮುಂಚೆ ಬಿಗಿ ಮಾಡಿಸಬೇಕು.

ಸಂಪ್ ಗಾರ್ಡ್ ಬಗ್ಗೆ ಒಂದು ತಕರಾರು. ಇಂಜಿನ್ ಅಡಿಯ ಆಯಿಲ್ ಚೇಂಬರ್‌ಗೆ (ಸಂಪ್) ಕಲ್ಲು ಬಡಿದರೆ ಇಂಜಿನ್ನೇ ಹೋಯಿತು, ಆದ್ದರಿಂದ ಗಾರ್ಡ್ ಬೇಕೇ ಬೇಕು. ನನಗೆ ಮಾಡಿಕೊಟ್ಟ ವರ್ಕ್‌ಶಾಪ್‌ನವರು ತಗಡು ದಪ್ಪದ್ದೇ ಹಾಕಿದರು, ಬೆಂಡೂ ಚೆನ್ನಾಗಿತ್ತು, ಆದರೆ ಡ್ರೈನ್ ನಟ್‌ಗೆ ತೂತೇ ಇಟ್ಟಿರಲಿಲ್ಲ. ಆಯಿಲ್ ಬದಲಿಸುವಾಗಲೆಲ್ಲ ಮಣ್ಣು ಕಚ್ಚಿದ ಬೋಲ್ಟ್‌ಗಳನ್ನು ಬಿಚ್ಚಿ ಪೂರಾ ಪ್ಲೇಟ್ ಇಳಿಸಬೇಕು. ಕೇಳಿದರೆ, "ತೂತು ಬೇಕು ಅಂತ ಹೇಳ್ಲಿಲ್ವಲ್ಲ ಸಾರ್". ಕೊನೆಗೆ ಬೇರೆ ಕಡೆ ಕೊರೆಸಿದೆ. ಮಾಡಿಸುವವರು ಡ್ರೈನ್ ತೂತು, ಕಲ್ಲು–ಮಣ್ಣು ಉದುರಲು ಹಿಂಬದಿಯ ಸಂದಿ, ಎರಡನ್ನೂ ಮೊದಲೇ ಬರೆಸಿಕೊಳ್ಳಿ.

ಕೆಡುವ ವಸ್ತುಗಳಲ್ಲಿ ಮೊದಲನೆಯದು ಆಕ್ಸಲ್ ಬೂಟ್, ಅಂದರೆ ಆಕ್ಸಲ್ ಜಾಯಿಂಟ್ ಮುಚ್ಚುವ ರಬ್ಬರ್ ಚೀಲ. ರಬ್ಬರ್ ಸ್ವಲ್ಪ ಸೀಳಿದರೂ ಗ್ರೀಸ್ ಹೊರಗೆ, ಮಣ್ಣು ಒಳಗೆ; ಆಮೇಲೆ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಸದ್ದು ಶುರು. ಸದ್ದು ಬಂದ ಮೇಲೆ ಬೂಟ್ ಬದಲಿಸಿ ಪ್ರಯೋಜನವಿಲ್ಲ, ಜಾಯಿಂಟ್ ಹೋಗಿರುತ್ತದೆ. ಎರಡನೆಯದು ಇಂಜಿನ್ ಮೌಂಟಿಂಗ್. ಲಾಂಚ್ ಮಾಡುವಾಗ ಕ್ಲಚ್ ಬಿಟ್ಟ ರಭಸಕ್ಕೆ ಹಳೆಯ ರಬ್ಬರ್ ಹರಿದು ಗೇರ್ ಲಿವರ್ ಕುಣಿಯತೊಡಗುತ್ತದೆ. ಏರ್ ಫಿಲ್ಟರ್ ಅಂತೂ ಕೇಳಬೇಡಿ, ಎರಡು ರನ್ ಆಗುವಷ್ಟರಲ್ಲಿ ಇಟ್ಟಿಗೆ ಬಣ್ಣ. ರನ್ ಮುಗಿಸಿ ಸಾಲಿನಲ್ಲಿ ನಿಂತಾಗ ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯೇ ಎಂದು ಕಿವಿಗೊಡಿ, ನಿಂತ ಕಾರಿಗೆ ಬೇರೆ ಗಾಳಿ ಎಲ್ಲಿಂದ ಬರಬೇಕು?

ದೊಡ್ಡ ಕೊರತೆ ಡಿಫರೆನ್ಷಿಯಲ್, ಅಂದರೆ ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ. ತಿರುವಿನಿಂದ ಹೊರಬರುವಾಗ ಒಳಗಿನ ಗಾಲಿ ಸುಮ್ಮನೆ ಗಿರಗಿರನೆ ತಿರುಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಎರಡೂ ಗಾಲಿ ಒಟ್ಟಿಗೇ ತಿರುಗಲಿ ಎಂದು ಕೆಲವರು ಅದನ್ನು ವೆಲ್ಡ್ ಮಾಡಿಸುತ್ತಾರೆ. ರಸ್ತೆಯಲ್ಲೂ ಓಡಿಸುವ, ಮುಂದಿನ ಗಾಲಿಯೇ ಎಳೆಯುವ ಕಾರಿಗೆ ಅದು ಆಗದ ಮಾತು. ಒಂದೇ ಗಾಲಿ ಸುಮ್ಮನೆ ತಿರುಗದಂತೆ ತಡೆಯುವ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಹಾಕಿಸಲು ಹೋದರೆ ಕಾರಿನ ಬೆಲೆಯನ್ನೇ ಮೀರುತ್ತದೆ. ಎಡಗಾಲಿನಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಆಕ್ಸಿಲರೇಟರ್ ಕೊಡುವುದನ್ನು ರೂಢಿ ಮಾಡಿಕೊಂಡೆ. ತಕ್ಕಮಟ್ಟಿಗೆ ನಡೆಯುತ್ತದೆ.

ಪಲ್ಟಿಯಾದರೆ ಕಾಪಾಡುವ ಕಬ್ಬಿಣದ ಪೈಪಿನ ಪಂಜರ, ರೋಲ್ ಕೇಜ್, ಹಾಕಿಸಿಲ್ಲ. ಇವೆಂಟ್ ನಿಯಮ ಕೇಳಿದರೆ ಹಾಕಿಸಲೇಬೇಕು, ಆಗ ಆ ಕಾರನ್ನು ಸಂತೆಗೆ ಒಯ್ಯಬೇಡಿ. ಹೆಲ್ಮೆಟ್ ಇಲ್ಲದ ತಲೆ ಸಣ್ಣ ಡಿಕ್ಕಿಗೂ ಆ ಪೈಪಿಗೇ ಬಡಿಯುತ್ತದೆ. ದೇಶದ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಇವೆಂಟ್‌ಗೆ ಅವರ ಲೈಸೆನ್ಸ್ ಮಾಡಿಸಿ, ಫುಲ್ ಫೇಸ್ ಹೆಲ್ಮೆಟ್ ಒಯ್ಯಿರಿ. ಓಟಕ್ಕೆ ಮುಂಚಿನ ತಪಾಸಣೆಯಲ್ಲಿ (ಸ್ಕ್ರುಟಿನಿ) ಬ್ಯಾಟರಿ ಅಲುಗಾಡಿದರೆ ವಾಪಸ್ ಕಳಿಸುತ್ತಾರೆ, ಅವರು ಮಾಡುವುದು ಸರಿಯೇ.

ಕಾಗದಪತ್ರದ ಮಾತು ಯಾರೂ ಎತ್ತುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಎಸ್ಟೀಮ್ ಇಂಜಿನ್ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ. ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ, ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಅನ್ವಯಿಸುವುದಿಲ್ಲ ಎಂದು ಬರೆದಿರುತ್ತದೆ. ಗದ್ದೆಯಲ್ಲಿ ಪಲ್ಟಿಯಾದರೆ ಖರ್ಚು ಪೂರ್ತಿ ನಿಮ್ಮದೇ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ಆರ್‌ಸಿ ಅವಧಿ ನೋಡಿಯೇ ಬೆಲೆ ಮಾತಾಡಿ.

ಬಿಡಿಭಾಗ ಇನ್ನೂ ಸಿಗುತ್ತವೆ. ಬ್ರೇಕ್, ಕ್ಲಚ್, ಬುಷ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದೇ ಸಿಗುತ್ತದೆ. ಬಾಗಿಲು, ಹೆಡ್‌ಲೈಟ್, ಬಂಪರ್‌ಗೆ ಗುಜರಿಯೇ ಗತಿ. ಈ ಆಕಾರದ ಝೆನ್ ತಯಾರಿಕೆ 2006ಕ್ಕೆ ನಿಂತಿದೆ. ಆಮೇಲಿನ ಎಸ್ಟಿಲೊ ಹೆಸರಿಗೆ ಮಾತ್ರ ಝೆನ್, ಮೋಸ ಹೋಗಬೇಡಿ. 2003ರಲ್ಲಿ ಬಂದ ಮೂರು ಬಾಗಿಲಿನ ಕಾರ್ಬನ್, ಸ್ಟೀಲ್ ಕಣ್ಣಿಗೆ ಬಿದ್ದರೆ ಅದನ್ನು ದಯವಿಟ್ಟು ಗದ್ದೆಗೆ ಇಳಿಸಬೇಡಿ, ಜೋಪಾನ ಮಾಡಿ.

ಕೊಳ್ಳುವಾಗ ಇಂಜಿನ್ ಸದ್ದಿಗಿಂತ ಮೊದಲು ತುಕ್ಕು ನೋಡಿ. ಮುಂದಿನ ಮ್ಯಾಟ್ ಎತ್ತಿ ನೆಲದ ತಗಡನ್ನು ಬೆರಳಲ್ಲಿ ಒತ್ತಿ, ಬಾನೆಟ್ ತೆರೆದು ಮುಂದಿನ ಷಾಕ್ ಮತ್ತು ಸ್ಪ್ರಿಂಗ್ ಜೋಡಿ (ಸ್ಟ್ರಟ್) ಕೂರುವ ಜಾಗದ, ಅಂದರೆ ಸ್ಟ್ರಟ್ ಟವರ್‌ನ ಸುತ್ತ ಬಿರುಕು, ಹೊಸ ವೆಲ್ಡಿಂಗ್, ದಪ್ಪ ಪೇಂಟ್ ಇದೆಯೇ ಟಾರ್ಚ್ ಹಾಕಿ ಹುಡುಕಿ. ಮಲೆನಾಡಿನ ಗಾಡಿಯಾದರೆ ಎರಡು ಸಲ ಹುಡುಕಿ. ಇಂಜಿನ್ ಹೊಗೆ ಬಿಟ್ಟರೆ ಬೆಲೆ ಇಳಿಸಿ ಕೇಳಬಹುದು, ಸ್ಟ್ರಟ್ ಟವರ್ ಕೊಳೆತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.