ಡಿಜಿಟಲ್ ಸಹಿಯ ಟೋಕನ್ ಸಾಹೇಬರ ಡ್ರಾದಲ್ಲಿ ಇಟ್ಟು ಕೆಟ್ಟೆ

ಬಿ.ಕಾಂ. ಮುಗಿಸಿ ಜಿಎಸ್‌ಟಿ ಕೆಲಸ ಕಲಿಯೋಣ ಅಂತ ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವವರು ಇದನ್ನು ಒಮ್ಮೆ ಓದಿ. ನನ್ನ ದಡ್ಡತನ ನಿಮಗೆ ಬೇಡ.

ನನ್ನ ಊರು ಗದಗ, ಡಿಗ್ರಿ ಕರ್ನಾಟಕ ವಿಶ್ವವಿದ್ಯಾಲಯದ್ದು. ಕೊಪ್ಪಿಕರ್ ರಸ್ತೆ ಹತ್ತಿರ ಒಬ್ಬ ಟ್ಯಾಕ್ಸ್ ಕನ್ಸಲ್ಟಂಟ್ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಪಗಾರ ತಿಂಗಳಿಗೆ 8,000. ವಾರ ಕಳೆಯುವುದರೊಳಗೆ ಸಾಹೇಬರು, "ತಮ್ಮಾ, ನಿನ್ನ ಹೆಸರಿಲೆ ಜಿಎಸ್‌ಟಿ ಪ್ರಾಕ್ಟೀಷನರ್ ಲೈಸೆನ್ಸ್ ಮಾಡಸೋಣು, ಮುಂದ ನಿನಗ ಛಲೋ ಆಗತೈತಿ" ಅಂದರು. ವ್ಯಾಪಾರಿಗಳ ಪರವಾಗಿ ಅವರ ತೆರಿಗೆ ಲೆಕ್ಕ, ಅಂದರೆ ರಿಟರ್ನ್, ತುಂಬಿ ಸಲ್ಲಿಸುವವನೇ ಈ ಪ್ರಾಕ್ಟೀಷನರ್. ಖರ್ಚಿಗೆ ಅಂತ 15,000 ಇಸಿದುಕೊಂಡರು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಕೊಟ್ಟಿದ್ದರು.

ಆ ಅರ್ಜಿಗೆ ಶುಲ್ಕವೇ ಇಲ್ಲ ಅಂತ ಆಮೇಲೆ ಗೊತ್ತಾಯಿತು! ವಾಣಿಜ್ಯ, ಕಾನೂನು ಅಥವಾ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಪದವಿ ಇದ್ದರೆ ನೀವೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಿಸಿಟಿ-01 ಅನ್ನುವ ಅರ್ಜಿ ತುಂಬಬಹುದು. ಅಧಿಕಾರಿ ಪರಿಶೀಲಿಸಿ ಪಿಸಿಟಿ-02 ಸರ್ಟಿಫಿಕೇಟ್ ಕೊಡುತ್ತಾರೆ. ನಾಸಿನ್ ಅಕಾಡೆಮಿ ನಡೆಸುವ ಪರೀಕ್ಷೆ ಬೇರೆ ಇದೆ, 100 ಪ್ರಶ್ನೆ, 200 ಅಂಕ, ಪಾಸಾಗಲು 100 ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ. ಕೋಚಿಂಗ್‌ನವರು ಫ್ರೇಮ್ ಹಾಕಿ ಕೊಡುವ ಸರ್ಟಿಫಿಕೇಟು ಲೈಸೆನ್ಸ್ ಅಲ್ಲ. ಅದನ್ನು ಗೋಡೆಗೆ ಹಾಕಬಹುದು ಅಷ್ಟೇ.

15,000 ಹೋಯಿತು, ಹೋಗಲಿ. ಕೆಟ್ಟದ್ದು ಮುಂದಿದೆ.

ಅರ್ಜಿಯಲ್ಲಿ ಮೊಬೈಲ್ ನಂಬರ್, ಇಮೇಲ್ ಎರಡೂ ಆಫೀಸಿನವು. ನನ್ನ ಡಿಜಿಟಲ್ ಸಹಿಯ ಟೋಕನ್, ಅದೇ ಪೆನ್‌ಡ್ರೈವ್ ಥರದ್ದು, ಸಾಹೇಬರ ಡ್ರಾದಲ್ಲಿ. ಪಾಸ್‌ವರ್ಡ್ ಚೀಟಿ ಬರೆದು ಅದಕ್ಕೇ ಅಂಟಿಸಿದ್ದರು. "ಎಲ್ಲರದ್ದೂ ಇಲ್ಲೇ ಇರತಾವ" ಅಂದರು, ನಾನೂ ಸುಮ್ನಾದೆ. ಒಮ್ಮೆ ಧೈರ್ಯ ಮಾಡಿ ಕೇಳಿದೆ, ಏನಾದರೂ ತಪ್ಪಾದರೆ? ಅದಕ್ಕೆ ಅವರು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 48 ಹೇಳಿದರು, ರಿಟರ್ನ್‌ನಲ್ಲಿರುವ ವಿವರ ಸರಿ ಇದೆಯಾ ಅನ್ನುವ ಜವಾಬ್ದಾರಿ ವ್ಯಾಪಾರಿಯದ್ದೇ ಅಂತ. ಅದು ನಿಜವೇ. ಆದರೆ ಜಿಎಸ್‌ಟಿ ನಿಯಮ 83ರ ಮಾತು ಅವರು ಎತ್ತಲಿಲ್ಲ. ಪ್ರಾಕ್ಟೀಷನರ್ ಆದವನು ಕಾಳಜಿಯಿಂದ ಲೆಕ್ಕ ತಯಾರಿಸಿ ತನ್ನ ಸಹಿ ತಾನೇ ಹಾಕಬೇಕು, ದುರ್ನಡತೆ ಕಂಡರೆ ಅವನನ್ನು ಅನರ್ಹ ಮಾಡಬಹುದು ಅಂತ ಅದರಲ್ಲೇ ಇದೆ.

ಹನ್ನೊಂದು ತಿಂಗಳಿಗೆ ಗದಗಿನ ಮನೆಗೆ ಟಪಾಲು ಬಂತು. ಒಡೆದು ನೋಡಿದ ಅಪ್ಪ ಫೋನ್ ಮಾಡಿದರು, "ಏನೋ ಇದು, ಪಿಸಿಟಿ-03 ಅಂತ ಐತಿ?" ನಿನ್ನನ್ನು ಯಾಕೆ ಅನರ್ಹ ಮಾಡಬಾರದು ಅಂತ ಕೇಳುವ ನೋಟಿಸ್ ಅದು. ಒಂದು ಅಂಗಡಿಯ ರಿಟರ್ನ್‌ನಲ್ಲಿ ಸುಳ್ಳು ಬಿಲ್ಲುಗಳ ಮೇಲೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ, ತೆಗೆದುಕೊಂಡಿದ್ದರು. ಲಾರಿ ಓಡಿಲ್ಲ, ಮಾಲು ಬಂದಿಲ್ಲ, ಬರೀ ಕಾಗದ. ಆ ಅಂಗಡಿ ಎಲ್ಲಿದೆ ಅಂತಲೂ ನನಗೆ ಗೊತ್ತಿರಲಿಲ್ಲ, ಸಹಿ ಮಾತ್ರ ನನ್ನದು.

ವಿಚಾರಣೆಯಲ್ಲಿ ಅಧಿಕಾರಿ ಒಂದೇ ಮಾತು ಕೇಳಿದರು, ಟೋಕನ್ ಯಾರ ಹತ್ತಿರ ಇತ್ತು? ಸಾಹೇಬರ ಹತ್ತಿರ ಅಂದರೆ ಬಚಾವಾಗುತ್ತೇನೆ ಅಂದುಕೊಂಡಿದ್ದೆ. ಅದೇ ತಪ್ಪು ಅಂದರು. 2000ದ ಐಟಿ ಕಾಯ್ದೆಯ ಸೆಕ್ಷನ್ 42ರಲ್ಲಿ, ಸಹಿಯ ಕೀಲಿ ಬೇರೆಯವರ ಕೈಗೆ ಹೋಗದ ಹಾಗೆ ನೋಡಿಕೊಳ್ಳುವುದು ಸಹಿದಾರನ ಕೆಲಸ ಅಂತ ಇದೆಯಂತೆ. ಸಾಹೇಬರು ಅವತ್ತಿನಿಂದ ಫೋನ್ ಎತ್ತಿಲ್ಲ.

ಆ ಸಹಿ ರದ್ದು ಮಾಡಿಸಿದೆ. ಉತ್ತರ ಕೊಟ್ಟಿದ್ದೇನೆ, ಆದೇಶ ಇನ್ನೂ ಬಂದಿಲ್ಲ. ವಿರುದ್ಧ ಬಂದರೆ ಕಮಿಷನರ್‌ಗೆ ಮೇಲ್ಮನವಿ ಹಾಕಲು 30 ದಿನ ಸಿಗುತ್ತದೆ. ನೀವು ಅರ್ಜಿ ಹಾಕುವಾಗ ನಂಬರ್, ಇಮೇಲ್ ನಿಮ್ಮದೇ ಕೊಡಿ, ಟೋಕನ್ ಜೇಬಿನಲ್ಲಿಡಿ, ಕೊಡಲ್ಲ ಅಂದರೆ ಕೆಲಸ ಹೋಗುತ್ತದಾ, ಹೋಗಲಿ. ಪೋರ್ಟಲ್‌ನಲ್ಲಿ ತಮ್ಮ ಪ್ರಾಕ್ಟೀಷನರ್ ಅಂತ ನನ್ನ ಹೆಸರು ಹಾಕಿಕೊಂಡ ವ್ಯಾಪಾರಿಗಳು ತಮ್ಮ ಲಾಗಿನ್‌ನಿಂದ ಅದನ್ನು ತೆಗೆಯಬೇಕು, ಹಾಗಾಗಿ ಅಮರಗೋಳದ ಎಪಿಎಂಸಿಯಲ್ಲಿ ಅಂಗಡಿ ಅಂಗಡಿ ತಿರುಗಿ ಕೈ ಮುಗಿಯುತ್ತಿದ್ದೇನೆ. ಹೆಚ್ಚಿನವರು ನನ್ನ ಮುಖ ನೋಡಿದ್ದೇ ಮೊದಲು. ಒಬ್ಬ ಮೆಣಸಿನಕಾಯಿ ವ್ಯಾಪಾರಿ, "ಸೀಜನ್ ಮುಗೀಲಿ ಬಾರಪಾ" ಅಂದಿದ್ದಾರೆ. ಸೋಮವಾರ ಮತ್ತೆ ಹೋಗಬೇಕು.